ಸ್ಟೇರಿಂಗ್ ಹಿಂದೆ ಸಿಕ್ಕಿಬಿದ್ದ ಬಸ್ ಚಾಲಕ: ಎಳೆಯುವ ಮೊದಲು ಮಾಡಬೇಕಾದ್ದು

ಲಾರಿ ಅಥವಾ ಟಿಪ್ಪರ್ ಎದುರಿನಿಂದ ಗುದ್ದಿದಾಗ ಬಸ್ಸಿನ ಬಲ ಮೂಲೆ ಒಳಗೆ ಕುಸಿಯುತ್ತದೆ. ಕಾರಿಗೆ ಪೆಟ್ಟು ತಾಳಲು ಬಾನೆಟ್ ಇದೆ; ಬಸ್ ಚಾಲಕನಿಗೂ ಎದುರಿನ ವಾಹನಕ್ಕೂ ನಡುವೆ ಗಾಜು ಮತ್ತು ತಗಡು ಮಾತ್ರ. ವರ್ಷಗಟ್ಟಲೆ ನಡುವೆ ಡಿವೈಡರ್ ಇಲ್ಲದೆ ಓಡಿದ ಹುಬ್ಬಳ್ಳಿ–ಧಾರವಾಡ ಬೈಪಾಸ್ ಬಲ್ಲವರಿಗೆ ಈ ದೃಶ್ಯ ಹೊಸದಲ್ಲ. ಸ್ಟೇರಿಂಗ್ ಎದೆಗೆ ಒತ್ತುತ್ತದೆ, ಡ್ಯಾಶ್‌ಬೋರ್ಡ್ ಮೊಣಕಾಲಿಗೆ ಬಡಿದು ತೊಡೆ ಮೂಳೆ ಮುರಿಯುತ್ತದೆ ಇಲ್ಲವೇ ಸೊಂಟದ ಕೀಲು ತಪ್ಪುತ್ತದೆ, ಪಾದ ಪೆಡಲ್‌ಗಳ ನಡುವೆ ಸಿಕ್ಕಿಕೊಳ್ಳುತ್ತದೆ.

ನಿರ್ವಾಹಕ ಮೊದಲು ಕೀ ತಿರುಗಿಸಿ ಎಂಜಿನ್ ನಿಲ್ಲಿಸಬೇಕು, ಹ್ಯಾಂಡ್ ಬ್ರೇಕ್ ಹಾಕಬೇಕು, ಗಾಲಿಗಳಿಗೆ ಕಲ್ಲು ಕೊಡಿಸಬೇಕು. ಕೈಗೆ ಸಿಕ್ಕರೆ ಬ್ಯಾಟರಿ ಸ್ವಿಚ್ಚನ್ನೂ ಆರಿಸಿ. ಡೀಸೆಲ್ ಸೋರುತ್ತಿದ್ದರೆ ಹತ್ತಿರ ಯಾರೂ ಬೀಡಿ ಹಚ್ಚದಂತೆ ನೋಡಿಕೊಳ್ಳಿ. ರಸ್ತೆಯ ಎರಡೂ ಕಡೆ, ಕನಿಷ್ಠ 50 ಮೀಟರ್ ದೂರದಲ್ಲಿ, ಒಬ್ಬೊಬ್ಬರು ನಿಂತು ವಾಹನ ತಡೆಯಲಿ. ಹಿಂದಿನಿಂದ ಇನ್ನೊಂದು ಲಾರಿ ಬಂದು ಗುದ್ದಿದರೆ ಕಾಪಾಡಲು ಹೋದವರೂ ಉಳಿಯುವುದಿಲ್ಲ.

ಫೋನ್ ಮಾಡುವಾಗ ‘ಆಕ್ಸಿಡೆಂಟ್ ಆಗಿದೆ’ ಎಂದಷ್ಟೇ ಹೇಳಿದರೆ ಆಂಬುಲೆನ್ಸ್ ಮಾತ್ರ ಬರುತ್ತದೆ. ಕಬ್ಬಿಣ ಕತ್ತರಿಸುವ ಸಲಕರಣೆ ಅದರಲ್ಲಿ ಇರುವುದಿಲ್ಲ. 112ಕ್ಕೆ ಕರೆ ಮಾಡಿ ‘ಡ್ರೈವರ್ ಒಳಗೆ ಸಿಕ್ಕಿಕೊಂಡಿದ್ದಾರೆ, ಅಗ್ನಿಶಾಮಕ ವಾಹನವೂ ಬೇಕು’ ಎನ್ನಿ. ಹತ್ತಿರದ ಕಿಲೋಮೀಟರ್ ಕಲ್ಲು ಯಾವುದು, ಬಸ್ ಯಾವ ಊರಿನ ಕಡೆ ಮುಖ ಮಾಡಿದೆ ಎಂಬುದನ್ನೂ ಹೇಳಿ. ಆಮೇಲೆ ಗಡಿಯಾರ ನೋಡಿ ಸಮಯ ಬರೆದಿಟ್ಟುಕೊಳ್ಳಿ. ಅದರ ಉಪಯೋಗ ಮುಂದೆ ಇದೆ.

ಕೈ ಹಿಡಿದು ಎಳೆಯುವ ಕೆಲಸ ಮಾತ್ರ ಬೇಡ. ಕುತ್ತಿಗೆ ಮೂಳೆ ಮುರಿದಿದ್ದರೆ ಆ ಒಂದು ಎಳೆತಕ್ಕೆ ಕೈಕಾಲು ಶಾಶ್ವತವಾಗಿ ಬಿದ್ದುಹೋಗಬಹುದು. ಒಬ್ಬರು ಸೀಟಿನ ಹಿಂದೆ ನಿಂತು ಎರಡೂ ಅಂಗೈಯಲ್ಲಿ ತಲೆಯನ್ನು ನೆಟ್ಟಗೆ ಹಿಡಿದುಕೊಂಡು ಮಾತಾಡಿಸುತ್ತಿರಲಿ: ‘ಅಣ್ಣಾರ, ಕುತ್ತಿಗಿ ಹೊಳ್ಳಸಬ್ಯಾಡ್ರಿ, ಹಂಗ ಮುಂದ ನೋಡ್ಕೋತ ಕುಂದ್ರರಿ.’ ಉತ್ತರ ಬರುತ್ತಿದೆ ಎಂದರೆ ಉಸಿರೂ ಆಡುತ್ತಿದೆ. ನೀರು, ಚಹಾ ಕೊಡಬೇಡಿ, ಶಸ್ತ್ರಚಿಕಿತ್ಸೆಗೆ ತೊಡಕಾಗುತ್ತದೆ.

ರಕ್ತ ಹರಿಯುತ್ತಿದ್ದರೆ ಶುದ್ಧ ಬಟ್ಟೆ ಮಡಚಿ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುನಡುವೆ ತೆಗೆದು ನೋಡಿದರೆ ಹೆಪ್ಪು ಕಿತ್ತು ಬರುತ್ತದೆ. ಕೈಯಿಂದಲೋ ಕಾಲಿನಿಂದಲೋ ರಕ್ತ ಚಿಮ್ಮುವುದು ನಿಲ್ಲದಿದ್ದರೆ ಮಾತ್ರ ಗಾಯಕ್ಕಿಂತ 5–7 ಸೆಂ.ಮೀ. ಮೇಲೆ, ಕೀಲು ಬಿಟ್ಟು, ಮೂರು ಬೆರಳಗಲದ ಬಟ್ಟೆ ಬಿಗಿಯಿರಿ. ತಂತಿ, ತೆಳು ಹಗ್ಗ ಬೇಡ, ಚರ್ಮ ಕೊಯ್ಯುತ್ತವೆ. ತೊಡೆ ಮೂಳೆ ಮುರಿದಾಗ ಹೊರಗೆ ಹನಿ ರಕ್ತ ಕಾಣದೆಯೂ ತೊಡೆಯೊಳಗೇ ಒಂದೂವರೆ ಲೀಟರ್‌ವರೆಗೆ ಹರಿಯಬಹುದು. ಮುಖ ಬಿಳಿಚಿ ತಣ್ಣನೆ ಬೆವರಿದರೆ ಅದೇ ಸುಳಿವು.

ತಲೆ ಹಿಡಿದವರು ಹಿಡಿದಂತೆಯೇ ಇರಲಿ, ಇನ್ನೊಬ್ಬರು ಸೀಟಿನ ಕೆಳಗಿನ ಲಿವರ್ ಹುಡುಕಲಿ. ಹಳಿ ಬಾಗಿರದಿದ್ದರೆ ಸೀಟು ನಾಲ್ಕು ಬೆರಳು ಹಿಂದೆ ಸರಿದರೂ ಎದೆಯ ಒತ್ತಡ ತಗ್ಗುತ್ತದೆ. ಸರಿಸುವಾಗ ಕಾಲು ಎಲ್ಲಾದರೂ ಹಿಡಿದಂತಾದರೆ ಅಲ್ಲೇ ನಿಲ್ಲಿಸಿ. ನಮ್ಮ ಕಡೆ ಮಂದಿ ಬಸ್ಸಿನ ಮೂತಿಗೆ ಸರಪಳಿ ಕಟ್ಟಿ ಇನ್ನೊಂದು ಲಾರಿಯಿಂದ ಎಳೆಸುವುದುಂಟು. ತಗಡು ಯಾವ ಕಡೆ ಹರಿಯುತ್ತದೆಂದು ಎಳೆಯುವವನಿಗೇ ತಿಳಿಯದು. ಬೆಂಕಿ ಹೊತ್ತಿರದಿದ್ದರೆ ಅದಕ್ಕೆ ಕೈ ಹಾಕಬೇಡಿ. ಬೆಂಕಿ ಹೊತ್ತಿದರೆ ಲೆಕ್ಕ ಬೇರೆ, ಹೇಗಾದರೂ ಸರಿ, ಹೊರಗೆ ತನ್ನಿ.

ಬರೆದಿಟ್ಟ ಸಮಯ ಬೇಕಾಗುವುದು ಈಗ. ಕಾಲು ಜಜ್ಜಿ ಒಂದು ಗಂಟೆ ದಾಟಿದ್ದರೆ, ಬಿಡಿಸುವ ಮುನ್ನವೇ 108ರ ಸಿಬ್ಬಂದಿಗೆ ಹೇಳಿ. ಒತ್ತಡ ತೆಗೆದೊಡನೆ ಜಜ್ಜಿದ ಮಾಂಸದ ಪೊಟ್ಯಾಸಿಯಂ ಹೃದಯಕ್ಕೆ ನುಗ್ಗಬಹುದು, ಮೂತ್ರಪಿಂಡ ಕೆಡಬಹುದು; ಅದಕ್ಕೇ ಮೊದಲು ಸಲೈನ್ ಏರಿಸುತ್ತಾರೆ.

ಹೊರಬಂದ ಮೇಲೆ ಒಂದು ಕಾಲು ಗಿಡ್ಡವಾಗಿ ಒಳಕ್ಕೆ ತಿರುಗಿದ್ದರೆ ಸೊಂಟದ ಕೀಲು ತಪ್ಪಿರುವ ಸಂಭವ ಹೆಚ್ಚು. ಅದನ್ನು ಆರು ಗಂಟೆಯೊಳಗೆ ಕೂರಿಸದಿದ್ದರೆ ತೊಡೆ ಮೂಳೆಯ ಮೇಲ್ತುದಿಗೆ ರಕ್ತ ತಪ್ಪುವ ಅಪಾಯವಿದೆ. ಎದ್ದು ಓಡಾಡುತ್ತ ‘ಏನೂ ಆಗಿಲ್ಲ’ ಎನ್ನುವ ಚಾಲಕನನ್ನೂ ಆಸ್ಪತ್ರೆಗೆ ಕರೆದೊಯ್ಯಿರಿ. ಹೊಟ್ಟೆಯ ಎಡಗಡೆಯ ಗುಲ್ಮ (ಸ್ಪ್ಲೀನ್) ಹರಿದಿದ್ದರೆ ಹೊಟ್ಟೆನೋವು ತಡವಾಗಿ ಕಾಣಿಸಬಹುದು.

ಕೇಂದ್ರದ 2025ರ ಯೋಜನೆಯಲ್ಲಿ ಅಪಘಾತದಿಂದ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಇದೆ. ಎಫ್‌ಐಆರ್ ಪ್ರತಿ, ಗಾಯದ ಪ್ರಮಾಣಪತ್ರ, ಅಂದಿನ ಡ್ಯೂಟಿ ದಾಖಲೆ ಇವಿಷ್ಟನ್ನೂ ಮನೆಯವರು ಎತ್ತಿಟ್ಟುಕೊಳ್ಳಬೇಕು. ಪರಿಹಾರವನ್ನು ಸಾಮಾಜಿಕ ಭದ್ರತಾ ಸಂಹಿತೆಯಡಿ (2025ರ ನವೆಂಬರ್‌ವರೆಗೆ ನೌಕರರ ಪರಿಹಾರ ಕಾಯ್ದೆ ಇತ್ತು) ಕೇಳಬಹುದು, ಇಲ್ಲವೇ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ. ಎರಡರಲ್ಲಿ ಒಂದು ಕಡೆ ಮಾತ್ರ ಸಿಗುತ್ತದೆ. ನ್ಯಾಯಮಂಡಳಿಗೆ ಹೋಗುವುದಾದರೆ ಆರು ತಿಂಗಳೊಳಗೆ ಅರ್ಜಿ ಹಾಕಿಬಿಡುವುದು ಕ್ಷೇಮ.