ಸ್ಕೂಲ್ ಬೋರ್ಡ್ ಎಂದರೇನು, ಅದರ ಸಭೆಯಲ್ಲಿ ನಡೆಯುವುದೇನು: ಬೇ ಏರಿಯಾಕ್ಕೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ ಮಾರ್ಗದರ್ಶಿ

ಊರಿನಲ್ಲಿ ‘ಬೋರ್ಡ್’ ಎಂದ ಕೂಡಲೇ ನಮಗೆ ನೆನಪಾಗುವುದು ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಸುವ ಮಂಡಳಿ, ಇಲ್ಲವೇ ಸಿಬಿಎಸ್‌ಇ. ಕ್ಯಾಲಿಫೋರ್ನಿಯಾದ ಸ್ಕೂಲ್ ಬೋರ್ಡಿಗೂ ಪರೀಕ್ಷೆಗೂ ಅಂಥ ಸಂಬಂಧವೇನೂ ಇಲ್ಲ. ಒಂದು ಪ್ರದೇಶದ ಸರ್ಕಾರಿ ಶಾಲೆಗಳ ಆಡಳಿತ ಹೊಣೆಯನ್ನು ಹೊತ್ತ, ಅಲ್ಲಿನ ಮತದಾರರೇ 4 ವರ್ಷಗಳ ಅವಧಿಗೆ ಆರಿಸಿದ, ಸಾಮಾನ್ಯವಾಗಿ 5 ಸದಸ್ಯರ ಮಂಡಳಿ ಇದು. ನಮ್ಮ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗಿರುವ ಅಧಿಕಾರವನ್ನು ಬೆಂಗಳೂರಿನ ಇಲಾಖೆಯಿಂದ ಬಿಡಿಸಿ, ಊರಿನವರು ಚುನಾಯಿಸಿದ ಐವರ ಕೈಗೆ ಕೊಟ್ಟರೆ ಹೇಗಿರುತ್ತದೆಂದು ಊಹಿಸಿಕೊಂಡರೆ ಹೆಚ್ಚು ಕಡಿಮೆ ಅರ್ಥವಾಗುತ್ತದೆ. ಸೂಪರಿಂಟೆಂಡೆಂಟ್ ಎಂಬ ಮುಖ್ಯ ಅಧಿಕಾರಿಯನ್ನು ನೇಮಿಸುವುದು, ಆಯವ್ಯಯಕ್ಕೆ ಒಪ್ಪಿಗೆ ಕೊಡುವುದು, ನೀತಿ ನಿಯಮಗಳನ್ನು ರೂಪಿಸುವುದು, ಯಾವ ಬೀದಿಯ ಮಕ್ಕಳು ಯಾವ ಶಾಲೆಗೆ ಹೋಗಬೇಕೆಂದು ಗಡಿ ಗೊತ್ತುಮಾಡುವುದು ಈ ಮಂಡಳಿಯ ಕೆಲಸ. ನಿಮ್ಮ ಮಗುವನ್ನು ಯಾವ ಟೀಚರ ತರಗತಿಗೆ ಹಾಕಬೇಕೆಂಬುದು ಅದರ ಕೆಲಸವಲ್ಲ.

‘ಡಿಸ್ಟ್ರಿಕ್ಟ್’ ಎಂಬ ಮಾತೂ ಅಷ್ಟೇ ಗೊಂದಲದ್ದು. ಒಂದು ಬೋರ್ಡಿನ ಆಡಳಿತಕ್ಕೆ ಸೇರಿದ ಶಾಲೆಗಳ ಪ್ರದೇಶ ಅದು; ಜಿಲ್ಲೆಯಲ್ಲ, ಊರಿನ ಗಡಿಯನ್ನೂ ಅನುಸರಿಸಬೇಕೆಂದಿಲ್ಲ. ಫ್ರೀಮಾಂಟ್ ಊರಿನ ಶಾಲೆಗಳನ್ನು ಫ್ರೀಮಾಂಟ್ ಯೂನಿಫೈಡ್ ಎಂಬ ಡಿಸ್ಟ್ರಿಕ್ಟ್ ನಡೆಸುತ್ತದೆ. ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್ ಎಂಬುದು ಬೇರೆಯೇ; ಅದರ ಕಚೇರಿ ಸನಿವೇಲ್‌ನಲ್ಲಿದೆ, ಕ್ಯುಪರ್ಟಿನೋ ಮತ್ತು ಮಾಂಟಾ ವಿಸ್ಟಾ ಹೈಸ್ಕೂಲುಗಳು ಅದರವು. ಅಂದರೆ ಕ್ಯುಪರ್ಟಿನೋದಲ್ಲಿ ಮನೆ ಹಿಡಿದವರಿಗೆ 8ನೇ ತರಗತಿಯವರೆಗೆ ಒಂದು ಬೋರ್ಡ್, 9ರಿಂದ 12ರವರೆಗೆ ಇನ್ನೊಂದು. ಬಾಡಿಗೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಆ ವಿಳಾಸ ಯಾವ ಡಿಸ್ಟ್ರಿಕ್ಟಿಗೆ, ಅದರಲ್ಲೂ ಯಾವ ಶಾಲೆಗೆ ಸೇರುತ್ತದೆಂದು ಡಿಸ್ಟ್ರಿಕ್ಟಿನ ಜಾಲತಾಣದಲ್ಲೇ ನೋಡಿಕೊಳ್ಳಿ. ಮನೆ ತೋರಿಸುವವರ ಮಾತನ್ನು ಈ ವಿಷಯದಲ್ಲಿ ನೆಚ್ಚಿಕೊಳ್ಳಬೇಡಿ. ಆ ಶಾಲೆ ತುಂಬಿದ್ದರೆ ನಿಮ್ಮ ಮಗುವಿಗೆ ಪಕ್ಕದ ಇನ್ನೊಂದು ಶಾಲೆಯಲ್ಲಿ ಜಾಗ ಕೊಡುವುದೂ ಉಂಟು.

ದಾಖಲಾತಿ

ಮಗುವಿನ ವಯಸ್ಸಿನ ದಾಖಲೆ, ವಿಳಾಸದ ಪುರಾವೆ, ಲಸಿಕೆಯ ದಾಖಲೆ, ಈ ಮೂರಿದ್ದರೆ ಕೆಲಸ ಆಗುತ್ತದೆ. ವೀಸಾ ಸ್ಥಿತಿಯನ್ನು ಶಾಲೆಯವರು ಕೇಳುವಂತಿಲ್ಲ. ಊರಿನ ಲಸಿಕೆ ಕಾರ್ಡಿನಲ್ಲಿ ದಿನಾಂಕಗಳು ಸ್ಪಷ್ಟವಾಗಿರಬೇಕು. ಧಾರ್ಮಿಕ ಅಥವಾ ವೈಯಕ್ತಿಕ ನಂಬಿಕೆಯ ಕಾರಣಕ್ಕೆ ವಿನಾಯಿತಿ ಕೊಡುವುದನ್ನು 2015ರ ಕಾನೂನು ನಿಲ್ಲಿಸಿತು.

ಅರ್ಜಿಯ ಜೊತೆಗೆ ಬರುವ ಮನೆಮಾತಿನ ಪ್ರಶ್ನಾವಳಿಯ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಅಲ್ಲಿ ‘ಕನ್ನಡ’ ಎಂದು ಬರೆದರೆ ಮಗುವಿಗೆ 30 ದಿನಗಳೊಳಗೆ ಎಲ್ಪ್ಯಾಕ್ ಎಂಬ ಇಂಗ್ಲಿಷ್ ಪರೀಕ್ಷೆ ನಡೆಯುತ್ತದೆ. ಅದರ ಫಲಿತಾಂಶ ನೋಡಿ ಮಗುವನ್ನು ಇಂಗ್ಲಿಷ್ ಕಲಿಕೆಯವರ ಪಟ್ಟಿಗೆ ಸೇರಿಸಬಹುದು. ಇದನ್ನು ಕೇಳಿದ ನಮ್ಮವರಲ್ಲಿ ಎಷ್ಟೋ ಮಂದಿ ‘ಇಂಗ್ಲಿಷ್’ ಎಂದೇ ಬರೆದುಬಿಡುತ್ತಾರೆ. ಹಾಗೆ ಮಾಡಬಾರದು ಎಂಬುದು ನಮ್ಮ ಅಭಿಪ್ರಾಯ. ಇದ್ದದ್ದನ್ನು ಇದ್ದಂತೆ ಬರೆಯುವುದೇ ಸರಿ ಎಂಬುದು ಒಂದು ಕಾರಣ. ಇಂಗ್ಲಿಷ್ ಚೆನ್ನಾಗಿ ಬರುವ ಮಗು ಆ ಪರೀಕ್ಷೆಯನ್ನು ಸುಲಭವಾಗಿ ದಾಟುತ್ತದೆ, ಬಾರದ ಮಗುವಿಗೆ ನೆರವು ಸಿಗುತ್ತದೆ. ಮೇಲಾಗಿ, ಇಂಥ ಮಕ್ಕಳಿಗಾಗಿ ರಾಜ್ಯವು ತಲಾ ಮೂಲ ಅನುದಾನದ ಮೇಲೆ ಶೇ. 20ರಷ್ಟು ಹೆಚ್ಚುವರಿ ಹಣ ಕೊಡುವ ಸೂತ್ರ 2013ರಿಂದ ಜಾರಿಯಲ್ಲಿದೆ.

ಸಭೆಯ ನಡಾವಳಿ

ಬೋರ್ಡಿನ ಸಭೆ ಸಾಮಾನ್ಯವಾಗಿ ತಿಂಗಳಿಗೆ ಎರಡು ಸಲ, ಸಂಜೆಯ ಹೊತ್ತು ನಡೆಯುತ್ತದೆ. ಬ್ರೌನ್ ಆಕ್ಟ್ ಎಂಬ 1953ರ ಕಾನೂನಿನ ಪ್ರಕಾರ ಸಾಮಾನ್ಯ ಸಭೆಯ ಅಜೆಂಡಾವನ್ನು 72 ಗಂಟೆ ಮೊದಲು, ವಿಶೇಷ ಸಭೆಯದನ್ನು 24 ಗಂಟೆ ಮೊದಲು ಪ್ರಕಟಿಸಬೇಕು, ಮತ್ತು ಅಜೆಂಡಾದಲ್ಲಿ ಇಲ್ಲದ ವಿಷಯವನ್ನು ಸದಸ್ಯರು ಚರ್ಚಿಸುವಂತಿಲ್ಲ, ನಿರ್ಧರಿಸುವಂತೆಯೂ ಇಲ್ಲ. ಈ ಕೊನೆಯ ನಿಯಮ ಗೊತ್ತಿಲ್ಲದೆ ಹೋದವರು ಬೇಸರಪಟ್ಟು ಬರುತ್ತಾರೆ. ನಮ್ಮ ಕೂಟದ ಕೆಲವರು ಮೊದಲ ಸಲ ಹೋದದ್ದು ಶಾಲೆಯ ಮುಂದಿನ ರಸ್ತೆ ದಾಟುವಲ್ಲಿ ಕಾವಲಿನವರಿಲ್ಲ ಎಂದು ಹೇಳುವುದಕ್ಕೆ. ಬಾಗಿಲ ಬಳಿಯ ಮೇಜಿನ ಮೇಲಿದ್ದ ಚೀಟಿಯಲ್ಲಿ ವಿಷಯ ಬರೆದುಕೊಟ್ಟು, ಒಂದೂವರೆ ಗಂಟೆ ಕಾದು, ಮೈಕಿನ ಮುಂದೆ ನಿಂತಾಗ ಎದುರಿನ ಪುಟ್ಟ ದೀಪ ಹಸಿರಿತ್ತು. ಪೀಠಿಕೆ ಮುಗಿಯುವಷ್ಟರಲ್ಲಿ ಹಳದಿಯಾಯಿತು, ಮುಖ್ಯ ಮಾತಿಗೆ ಬರುವ ಹೊತ್ತಿಗೆ ಕೆಂಪಾಯಿತು. ಅಧ್ಯಕ್ಷೆ ಧನ್ಯವಾದ ಹೇಳಿ ಮುಂದಿನವರ ಹೆಸರು ಕರೆದರು. ಐವರಲ್ಲಿ ಒಬ್ಬರೂ ಒಂದು ಮಾತೂ ಆಡಲಿಲ್ಲ. ಅದು ಅಸಡ್ಡೆಯಲ್ಲ, ಕಾನೂನು ಎಂದು ನಮಗೆ ತಿಳಿದದ್ದು ಆಮೇಲೆ.

ಆದ್ದರಿಂದ ಮಾತಾಡಲು ಹೋಗುವವರು ಬೇಡಿಕೆಯನ್ನು ಮೊದಲ ವಾಕ್ಯದಲ್ಲೇ ಹೇಳಿಬಿಡಬೇಕು. ಸಾಮಾನ್ಯವಾಗಿ ಒಬ್ಬರಿಗೆ 3 ನಿಮಿಷ ಸಿಗುತ್ತದೆ. ಜನ ಹೆಚ್ಚಾದರೆ ಅದನ್ನು ಇಳಿಸುವುದೂ ಉಂಟು. ದುಭಾಷಿಯ ಮೂಲಕ ಮಾತಾಡುವವರಿಗೆ ಅದರ ಎರಡು ಪಟ್ಟು ಸಮಯ ಕೊಡಬೇಕೆಂದು ಕಾನೂನಿದೆ. ಊರಿನಿಂದ ಬಂದ ಅಜ್ಜ ಅಜ್ಜಿಯರು ಕನ್ನಡದಲ್ಲೇ ಮಾತಾಡಲಿ, ಪಕ್ಕದಲ್ಲಿ ನಿಂತು ಇಂಗ್ಲಿಷಿಗೆ ತಿರುಗಿಸಲು ನಮ್ಮಲ್ಲಿ ಜನರಿದ್ದಾರೆ. ಸಭೆಗೆ ಬರಲು ನಾಗರಿಕತ್ವ ಬೇಕಿಲ್ಲ, ಹೆಸರು ನೋಂದಾಯಿಸಲೇಬೇಕೆಂಬ ನಿಯಮವೂ ಇಲ್ಲ. ಆದರೆ ಸಭೆಯನ್ನು ಬಹುತೇಕ ಕಡೆ ಚಿತ್ರೀಕರಿಸುತ್ತಾರೆ, ಬೋರ್ಡಿಗೆ ಬರೆದ ಇಮೇಲನ್ನು ಯಾರು ಬೇಕಾದರೂ ಕೇಳಿ ಪಡೆಯಬಹುದು. ಮಗುವಿನ ಹೆಸರು, ಕಾಯಿಲೆ, ಅಂಕಗಳನ್ನು ಎರಡರಲ್ಲಿಯೂ ತರಬೇಡಿ.

ಅಜೆಂಡಾ ಓದುವಾಗ ಎಲ್ಲರೂ ದಾಟಿಸಿಬಿಡುವ ಭಾಗವೆಂದರೆ ಕನ್ಸೆಂಟ್ ಕ್ಯಾಲೆಂಡರ್. ಬಿಲ್ಲುಗಳ ಪಾವತಿ, ಸಣ್ಣಪುಟ್ಟ ಗುತ್ತಿಗೆ, ನೇಮಕಾತಿ ಮತ್ತು ರಾಜೀನಾಮೆಗಳು, ಪ್ರವಾಸಗಳು, ದೇಣಿಗೆಗಳು, ಹಿಂದಿನ ಸಭೆಯ ನಡಾವಳಿ, ಇವೆಲ್ಲವನ್ನೂ ಒಂದು ಗಂಟು ಕಟ್ಟಿ ಚರ್ಚೆಯಿಲ್ಲದೆ ಒಂದೇ ಮತದಲ್ಲಿ ಮುಗಿಸುತ್ತಾರೆ. ಇಪ್ಪತ್ತೈದು ಬಾಬತ್ತುಗಳು ಅರ್ಧ ನಿಮಿಷದಲ್ಲಿ ಆದದ್ದನ್ನು ನಾವೇ ನೋಡಿದ್ದೇವೆ. ನಿಮ್ಮ ಶಾಲೆಯ ಛಾವಣಿ ದುರಸ್ತಿಯ ಗುತ್ತಿಗೆಯೋ ಹೊಸ ಕಲಿಕಾ ತಂತ್ರಾಂಶದ ಖರೀದಿಯೋ ಅದರಲ್ಲಿ ಒಂದು ಸಾಲಾಗಿ ಕುಳಿತಿರಬಹುದು. ಅದನ್ನು ಬೇರೆಯಾಗಿ ತೆಗೆದು ಚರ್ಚಿಸಿ ಎಂದು ಯಾವ ಸದಸ್ಯರಾದರೂ ಕೇಳಬಹುದು, ಹಾಗೆ ಕೇಳಿ ಎಂದು ನೀವು ಸದಸ್ಯರಿಗೆ ಮುಂಚೆಯೇ ಬರೆಯಬಹುದು. ಬಾಗಿಲು ಮುಚ್ಚಿ ನಡೆಸುವ ಸಭೆ ಸಿಬ್ಬಂದಿ, ಶಿಕ್ಷಕರ ಸಂಘದೊಂದಿಗಿನ ಮಾತುಕತೆ, ಮೊಕದ್ದಮೆ, ವಿದ್ಯಾರ್ಥಿಗಳ ಶಿಸ್ತು ಮುಂತಾದ ಕೆಲವೇ ವಿಷಯಗಳಿಗೆ ಮೀಸಲು.

ಹಣ ಮತ್ತು ಹಾಜರಿ

ಆರ್ಥಿಕ ವರ್ಷ ಜುಲೈ 1ರಂದು ಶುರುವಾಗುತ್ತದೆ. ಅದಕ್ಕೆ ಮುನ್ನ ಆಯವ್ಯಯಕ್ಕೂ ಹಣವನ್ನು ಮಕ್ಕಳ ಕಲಿಕೆಗೆ ಹೇಗೆ ಬಳಸುವುದೆಂದು ಹೇಳುವ ‘ಎಲ್‌ಕ್ಯಾಪ್’ ಎಂಬ ಯೋಜನೆಗೂ ಬೋರ್ಡ್ ಒಪ್ಪಿಗೆ ಕೊಡಬೇಕು. ಸಾರ್ವಜನಿಕರ ಅಹವಾಲು ಕೇಳುವುದು ಒಂದು ಸಭೆಯಲ್ಲಿ, ಮತ ಹಾಕುವುದು ಇನ್ನೊಂದರಲ್ಲಿ. ಹೇಳುವುದಿದ್ದರೆ ಜೂನ್‌ವರೆಗೆ ಕಾಯದೆ, ಚಳಿಗಾಲದಲ್ಲಿ ಡಿಸ್ಟ್ರಿಕ್ಟ್ ಸಮೀಕ್ಷೆ ಕಳಿಸಿದಾಗಲೇ ಹೇಳಿ. ಹಣದ ಬಿಕ್ಕಟ್ಟಿದ್ದ ವರ್ಷ ಶಿಕ್ಷಕರಿಗೆ ಕೆಲಸ ಹೋಗಬಹುದೆಂಬ ಮುನ್ಸೂಚನೆ ಮಾರ್ಚ್ 15ರೊಳಗೆ ತಲುಪಬೇಕಾದ್ದರಿಂದ ಅದಕ್ಕೆ ಸ್ವಲ್ಪ ಮುಂಚಿನ ಸಭೆಗಳಲ್ಲೇ ಗದ್ದಲ ಹೆಚ್ಚು. ಮಕ್ಕಳ ಸಂಖ್ಯೆ ಇಳಿದಾಗ ಶಾಲೆ ಮುಚ್ಚುವ ಪ್ರಸ್ತಾಪವೂ ಬರುತ್ತದೆ. ಕ್ಯುಪರ್ಟಿನೋದ 8ನೇ ತರಗತಿಯವರೆಗಿನ ಶಾಲೆಗಳನ್ನು ನಡೆಸುವ ಕ್ಯುಪರ್ಟಿನೋ ಯೂನಿಯನ್ ಡಿಸ್ಟ್ರಿಕ್ಟಿನಲ್ಲಿ 2022ರಲ್ಲಿ ಹೀಗೆ ಕೆಲವು ಪ್ರಾಥಮಿಕ ಶಾಲೆಗಳು ಮುಚ್ಚಿದವು. ಮನೆ ಬೆಲೆ ಆಕಾಶ ಮುಟ್ಟಿದ ಊರಿನಲ್ಲಿ ಮಕ್ಕಳೇ ಕಡಿಮೆಯಾದರು ಎಂದರೆ ಹೊಸಬರು ನಂಬುವುದಿಲ್ಲ.

ರಾಜ್ಯದ ಹಣ ಬಹುತೇಕ ಡಿಸ್ಟ್ರಿಕ್ಟುಗಳಿಗೆ ಬರುವುದು ದಾಖಲಾದ ಮಕ್ಕಳ ಲೆಕ್ಕಕ್ಕಲ್ಲ, ದಿನದಿನದ ಹಾಜರಿಯ ಸರಾಸರಿಗೆ. ಜ್ವರ ಬಂದು ಮಲಗಿದ ದಿನಕ್ಕೂ ಹಣ ಬರುವುದಿಲ್ಲ. ಡಿಸೆಂಬರ್ ರಜೆಗೆ ಮೂರು ವಾರ ಜೋಡಿಸಿ ಊರಿಗೆ ಹೋಗುವ ನಮ್ಮ ರೂಢಿಯನ್ನು ಶಾಲೆಯವರು ಯಾಕಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ ಎಂಬುದು ಇದರಿಂದ ತಿಳಿಯುತ್ತದೆ. ಸರಿಯಾದ ಕಾರಣವಿಲ್ಲದೆ 3 ಪೂರ್ತಿ ದಿನ ಗೈರಾದರೆ ಮಗುವನ್ನು ಕಾನೂನಿನ ಲೆಕ್ಕದಲ್ಲಿ ಶಾಲೆ ತಪ್ಪಿಸಿದವರ ಸಾಲಿಗೆ ಸೇರಿಸಿ ಮನೆಗೆ ಪತ್ರ ಕಳಿಸುತ್ತಾರೆ. ಪತ್ರ ನೋಡಿ ಹೆದರುವ ಅಗತ್ಯವಿಲ್ಲ, ಆದರೆ ಕಡೆಗಣಿಸಲೂಬಾರದು. ಟಿಕೆಟ್ ತೆಗೆಸುವ ಮುನ್ನ ಶಾಲೆಯ ಕಚೇರಿಯಲ್ಲಿ ‘ಇಂಡಿಪೆಂಡೆಂಟ್ ಸ್ಟಡಿ’ ಒಪ್ಪಂದ ಸಿಗುತ್ತದೆಯೇ ಎಂದು ವಿಚಾರಿಸಿ. ಹೊರಡುವ ಮೊದಲೇ ಸಹಿ ಹಾಕಿ, ಕೊಟ್ಟ ಪಾಠಗಳನ್ನು ಮಗು ಮುಗಿಸಿ ತಂದರೆ ಆ ದಿನಗಳು ಗೈರುಹಾಜರಿ ಆಗುವುದಿಲ್ಲ. ಹೇಳದೆ ಕೇಳದೆ ತಿಂಗಳುಗಟ್ಟಲೆ ಹೋದವರ ಹೆಸರು ತೆಗೆದುಹಾಕಿ, ಬಂದಾಗ ಅದೇ ಶಾಲೆಯಲ್ಲಿ ಜಾಗವಿಲ್ಲದಂತಾದ ಪ್ರಸಂಗ ನಮ್ಮ ಕೂಟದಲ್ಲೇ ನಡೆದಿದೆ. ಯುಗಾದಿಯಂಥ ಹಬ್ಬದ ದಿನಕ್ಕೆ ಮೊದಲೇ ಒಂದು ಪತ್ರ ಬರೆದುಕೊಟ್ಟರೆ ಸಾಕು.

ದೀಪಾವಳಿಯ ಮಾತು ಬೇರೆ. 2025ರಲ್ಲಿ ಸಹಿಯಾದ ಕಾನೂನಿನಿಂದ ದೀಪಾವಳಿ ಕ್ಯಾಲಿಫೋರ್ನಿಯಾದ ಅಧಿಕೃತ ಹಬ್ಬಗಳ ಪಟ್ಟಿಗೆ ಸೇರಿದೆಯಾದರೂ, ಆ ದಿನ ಶಾಲೆ ಮುಚ್ಚಬೇಕೋ ಬೇಡವೋ ಎಂಬುದನ್ನು ಗೊತ್ತುಮಾಡುವುದು ಆಯಾ ಬೋರ್ಡ್. ಶಾಲಾ ಕ್ಯಾಲೆಂಡರನ್ನು ಶಿಕ್ಷಕರ ಸಂಘದೊಂದಿಗೆ ಮಾತಾಡಿ, ಎಷ್ಟೋ ಕಡೆ ಒಂದೆರಡು ವರ್ಷ ಮುಂಚೆಯೇ, ಮತಕ್ಕೆ ಹಾಕಿ ಮುಗಿಸಿರುತ್ತಾರೆ. ಹಬ್ಬ ಇನ್ನೇನು ಬಂತು ಎನ್ನುವಾಗ ಸಹಿ ಸಂಗ್ರಹಿಸಿ ಒಯ್ದರೆ ಅದು ಆ ವರ್ಷಕ್ಕೆ ಪ್ರಯೋಜನವಾಗುವುದಿಲ್ಲ.

ಯಾರನ್ನು ಕೇಳಬೇಕು, ಎಲ್ಲಿ ಸೇರಬೇಕು

ತರಗತಿಯ ವಿಷಯಕ್ಕೆ ಮೊದಲು ಟೀಚರ್, ಆಮೇಲೆ ಪ್ರಿನ್ಸಿಪಾಲ್, ಆಮೇಲೆ ಡಿಸ್ಟ್ರಿಕ್ಟ್ ಕಚೇರಿ, ಬೋರ್ಡ್ ಕೊನೆಗೆ. ಒಬ್ಬ ಸದಸ್ಯರಿಗೆ ಒಬ್ಬರಾಗಿ ಯಾವ ಅಧಿಕಾರವೂ ಇಲ್ಲ, ಸಭೆಯಲ್ಲಿ ಬಹುಮತ ಸೇರಿದಾಗಲೇ ಅವರ ಮಾತು ಆದೇಶವಾಗುತ್ತದೆ. ಊರಿನ ಶಾಸಕರ ಶಿಫಾರಸು ಪತ್ರದ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ. ಮಗುವಿಗೆ ಪಠ್ಯಪುಸ್ತಕ ಸಿಕ್ಕಿಲ್ಲ, ಶೌಚಾಲಯ ಬಳಸುವ ಸ್ಥಿತಿಯಲ್ಲಿಲ್ಲ ಎಂಬಂಥ ದೂರುಗಳಿಗೆ ಮಾತ್ರ ‘ವಿಲಿಯಮ್ಸ್’ ಹೆಸರಿನ ಪ್ರತ್ಯೇಕ ನಮೂನೆಯಿದ್ದು, ಅಂಥ ದೂರುಗಳ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಬೋರ್ಡಿನ ಮುಂದಿಡಬೇಕು.

ಬೋರ್ಡಿನ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಬಹುತೇಕ ಕಡೆ ನಾಗರಿಕರಿಗಷ್ಟೇ. ಸ್ಯಾನ್ ಫ್ರಾನ್ಸಿಸ್ಕೋ ಮಾತ್ರ 2016ರ ಜನಮತದ ಬಳಿಕ ನಾಗರಿಕರಲ್ಲದ ಪೋಷಕರಿಗೂ ಸ್ಕೂಲ್ ಬೋರ್ಡ್ ಚುನಾವಣೆಯಲ್ಲಿ ಅವಕಾಶ ಕೊಟ್ಟಿದೆ. ಅಲ್ಲಿ ವೀಸಾದಲ್ಲಿರುವವರು ನೋಂದಾಯಿಸುವ ಮುನ್ನ ವಲಸೆ ವಕೀಲರನ್ನು ಕೇಳುವುದು ಕ್ಷೇಮ. ಮತವಿಲ್ಲದವರೂ ಶಾಲೆಯ ಸೈಟ್ ಕೌನ್ಸಿಲ್‌ಗೆ, ಅಂದರೆ ಪೋಷಕರೂ ಶಿಕ್ಷಕರೂ ಸೇರಿದ ಶಾಲಾ ಮಟ್ಟದ ಸಮಿತಿಗೆ, ಸ್ಪರ್ಧಿಸಬಹುದು. ಇಂಗ್ಲಿಷ್ ಕಲಿಕೆಯ 21 ಅಥವಾ ಹೆಚ್ಚು ಮಕ್ಕಳಿರುವ ಪ್ರತಿ ಶಾಲೆಯಲ್ಲೂ ಅವರ ಪೋಷಕರ ಸಮಿತಿ ಇರಲೇಬೇಕು. ನಮ್ಮವರು ಅಲ್ಲಿ ಕಾಣುವುದು ಅಪರೂಪ.

ಮೊದಲ ಸಲ ಸಭೆಗೆ ಹೋಗುವವರು ಮಾತಾಡಲೆಂದು ಹೋಗದೆ ಸುಮ್ಮನೆ ಕೂತು ನೋಡಿ ಬರುವುದು ಒಳ್ಳೆಯದು. ಅಜೆಂಡಾದ ಪ್ರತಿಯನ್ನು ಕೈಯಲ್ಲಿಟ್ಟುಕೊಳ್ಳಿ, ಊಟ ಮುಗಿಸಿಕೊಂಡೇ ಹೋಗಿ, ಸ್ವೆಟರ್ ಇರಲಿ. ಆ ಸಭಾಂಗಣಗಳಲ್ಲಿ ಎಸಿ ಜೋರು, ಮತ್ತು ನಿಮಗೆ ಬೇಕಾದ ವಿಷಯ ರಾತ್ರಿ ಹತ್ತಾದರೂ ಬಾರದಿರಬಹುದು.