ಕಡಿಮೆ ದುಡ್ಡಿನಲ್ಲಿ ಟೆಲಿಸ್ಕೋಪಿಗೆ ಐಪೀಸ್ ಆರಿಸುವುದು ಹೇಗೆ?

ಟೆಲಿಸ್ಕೋಪ್ ಜೊತೆ ಬಂದ ಐಪೀಸ್ (ಕಣ್ಣಿಟ್ಟು ನೋಡುವ ಕಡೆ ಸೇರಿಸುವ ಚಿಕ್ಕ ಲೆನ್ಸಿನ ಕೊಳವೆ) ಸಾಲದು ಅನ್ನಿಸಿದ ಕೂಡಲೇ ಹೆಚ್ಚಿನವರು ಹುಡುಕುವುದು ಎಲ್ಲಕ್ಕಿಂತ ದೊಡ್ಡದಾಗಿ ತೋರಿಸುವ ಐಪೀಸನ್ನು. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ದುಡ್ಡು ಕಡಿಮೆ ಇದ್ದರೆ, ಆಕಾಶವನ್ನು ಅಗಲವಾಗಿ ತೋರಿಸುವ ಐಪೀಸನ್ನೇ ಮೊದಲು ಕೊಳ್ಳಿ.

ಮೊದಲು ಟೆಲಿಸ್ಕೋಪ್ ಮೇಲೆ ಬರೆದಿರುವ ಎರಡು ಸಂಖ್ಯೆ ನೋಡಿ. ಒಂದು ಮುಖ್ಯ ಲೆನ್ಸ್ ಅಥವಾ ಕನ್ನಡಿಯ ಅಗಲ, ಇನ್ನೊಂದು ಫೋಕಲ್ ಲೆಂತ್, ಅಂದರೆ ಆ ಲೆನ್ಸ್ ಅಥವಾ ಕನ್ನಡಿಯಿಂದ ಬೆಳಕು ಒಂದೆಡೆ ಸೇರುವ ಜಾಗಕ್ಕಿರುವ ದೂರ. ನಿಮ್ಮದು 130 ಮತ್ತು 650 ಮಿ.ಮೀ. ಅಂದುಕೊಳ್ಳೋಣ. 650ನ್ನು ಐಪೀಸ್ ಮೇಲಿರುವ ಸಂಖ್ಯೆಯಿಂದ ಭಾಗಿಸಿದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂತ ಗೊತ್ತಾಗುತ್ತದೆ. 25 ಮಿ.ಮೀ. ಐಪೀಸಿಗೆ 26 ಪಟ್ಟು, 10 ಮಿ.ಮೀ.ಗೆ 65 ಪಟ್ಟು. ಇದಕ್ಕೊಂದು ಮಿತಿ ಇದೆ. ಕನ್ನಡಿಯ ಅಗಲ ಎಷ್ಟು ಮಿ.ಮೀ. ಇದೆಯೋ ಅದರ ಎರಡರಷ್ಟು, ಅಂದರೆ ಇಲ್ಲಿ 260. ಅದೂ ಗಾಳಿ ತೀರಾ ಸ್ಥಿರವಾಗಿರುವ ರಾತ್ರಿಗಳಲ್ಲಿ ಮಾತ್ರ. ಉಳಿದ ದಿನ ಅದರ ಅರ್ಧ ದಾಟಿದರೆ ಸಾಕು, ಹರಿಯುವ ನೀರಿನ ತಳದಲ್ಲಿರುವ ನಾಣ್ಯದ ಹಾಗೆ ಗುರುಗ್ರಹ ಅಲುಗಾಡುತ್ತಿರುತ್ತದೆ. ಸಣ್ಣ ಟೆಲಿಸ್ಕೋಪಿನ ಡಬ್ಬದ ಮೇಲೆ 500 ಪಟ್ಟು ಅಂತ ಇದ್ದರೆ ನಂಬಲೇಬೇಡಿ.

ಐಪೀಸ್ ಕೂರುವ ಜಾಗದ ಅಳತೆಯನ್ನೂ ನೋಡಿಕೊಳ್ಳಿ. ಸಾಮಾನ್ಯವಾಗಿ 1.25 ಇಂಚು ಇರುತ್ತದೆ, ಕೆಲವು ಹಳೆಯ ಸಣ್ಣ ಟೆಲಿಸ್ಕೋಪುಗಳಲ್ಲಿ 0.965.

ಈಗ ಮೊದಲ ಐಪೀಸ್. ಇದಕ್ಕೆ 32 ಮಿ.ಮೀ. ಪ್ಲಾಸಲ್ ಒಳ್ಳೆಯದು. ಈ ವಿನ್ಯಾಸ 1860ರಷ್ಟು ಹಳೆಯದು, ಅಗ್ಗದಲ್ಲಿ ಚೆನ್ನಾಗಿ ತಯಾರಾಗುತ್ತದೆ. ಮೇಲಿನ ಟೆಲಿಸ್ಕೋಪಿನಲ್ಲಿ 20 ಪಟ್ಟು, ಸುಮಾರು ಎರಡೂವರೆ ಡಿಗ್ರಿ ಆಕಾಶ. ಅಂದರೆ ಐದು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಡುವಷ್ಟು ಜಾಗ! ಕೃತ್ತಿಕೆಯ ಗುಂಪು ಪೂರ್ತಿ ಒಳಗೆ ಕೂರುತ್ತದೆ, ಸುತ್ತ ಕಪ್ಪು ಆಕಾಶವೂ ಉಳಿಯುತ್ತದೆ. ಹಾಗಾದರೆ 40 ಮಿ.ಮೀ. ಇನ್ನೂ ಒಳ್ಳೆಯದಲ್ವಾ ಅಂತ ಕೇಳಬಹುದು. ಅಲ್ಲ. 1.25 ಇಂಚಿನ ಕೊಳವೆಯೇ ಅಡ್ಡ ಬರುವುದರಿಂದ ಅದರಲ್ಲಿ ಕಾಣುವ ಆಕಾಶ ಅಷ್ಟೇ, ಚಿತ್ರ ಮಾತ್ರ ಚಿಕ್ಕದು.

ಗ್ರಹಗಳಿಗೆ 100ರಿಂದ 130 ಪಟ್ಟು ಬೇಕು. ಇಲ್ಲಿ 6 ಮಿ.ಮೀ. ಪ್ಲಾಸಲ್ ಕೊಳ್ಳಬೇಡಿ. ಅದರಲ್ಲಿ ಕಣ್ಣನ್ನು ಗಾಜಿಗೆ ಅಂಟಿಸಿದ ಹಾಗೆ ಇಡಬೇಕು, ರೆಪ್ಪೆ ಗಾಜಿಗೆ ತಾಗಿ ಮಸುಕಾಗುತ್ತದೆ, ಕನ್ನಡಕ ಹಾಕಿಕೊಂಡಂತೂ ಆಗುವುದೇ ಇಲ್ಲ. ಅದರ ಬದಲು ಕಣ್ಣಿಗೆ ನೋಟ 66 ಡಿಗ್ರಿ ಅಗಲವಾಗಿ ಕಾಣುವ ಅಗ್ಗದ 6 ಮಿ.ಮೀ. ಐಪೀಸ್ ನೋಡಿ, ಕಣ್ಣನ್ನು ಸ್ವಲ್ಪ ದೂರ ಇಟ್ಟೇ ನೋಡಬಹುದು. ಇಲ್ಲವೇ ಐಪೀಸಿನ ಮುಂದೆ ಸೇರಿಸಿದರೆ ಚಿತ್ರವನ್ನು ಎರಡು ಪಟ್ಟು ದೊಡ್ಡದು ಮಾಡುವ ಬಾರ್ಲೋ ಲೆನ್ಸ್ ತಗೊಳ್ಳಿ. ನಿಮ್ಮ 10 ಮಿ.ಮೀ. ಐಪೀಸ್ ಅದರ ಜೊತೆ 5ರ ಕೆಲಸ ಮಾಡುತ್ತದೆ, 32 ಇದ್ದದ್ದು 16 ಆಗುತ್ತದೆ. ಎರಡೇ ಐಪೀಸಿನಲ್ಲಿ ನಾಲ್ಕು ಸಿಕ್ಕ ಹಾಗಾಯಿತು. ಆದರೆ 20 ಮತ್ತು 10 ಇಟ್ಟುಕೊಂಡು ಬಾರ್ಲೋ ಕೊಂಡರೆ 20 ಮತ್ತೆ 10 ಆಗುತ್ತದೆ, ಸುಮ್ನೆ ದುಡ್ಡು ದಂಡ.

ಎಚ್ ಅಥವಾ ಎಸ್‌ಆರ್ ಅಂತ ಗುರುತಿರುವ ಐಪೀಸುಗಳನ್ನು (ಹೈಗನ್ಸ್, ರಾಮ್ಸ್‌ಡೆನ್ ಎಂಬ ಹಳೆಯ, ತೀರಾ ಸರಳ ವಿನ್ಯಾಸಗಳು) ಬಿಟ್ಟುಬಿಡಿ. ಸೆಕೆಂಡ್ ಹ್ಯಾಂಡ್ ಆದರೆ ಟಾರ್ಚ್ ಹಾಕಿ ನೋಡಿ. ಮೇಲಿನ ಧೂಳಿನಿಂದ ತೊಂದರೆ ಇಲ್ಲ, ಒಳಗೆ ಬಲೆಯ ಹಾಗೆ ಫಂಗಸ್ ಕಂಡರೆ ಬೇಡ.

ಕೊಳ್ಳುವ ಮುಂಚೆ ಬೇರೆಯವರ ಅಭಿಪ್ರಾಯ ಓದುತ್ತೀರಲ್ಲ, ಅವರ ಟೆಲಿಸ್ಕೋಪ್ ಯಾವುದು ಅಂತಲೂ ನೋಡಿ. ಫೋಕಲ್ ಲೆಂತನ್ನು ಅಗಲದಿಂದ ಭಾಗಿಸಿದಾಗ 10 ಬರುವ ಟೆಲಿಸ್ಕೋಪಿನಲ್ಲಿ ಅಂಚಿನವರೆಗೂ ನಕ್ಷತ್ರ ಚುಕ್ಕಿಯಾಗಿ ಕಾಣಿಸುವ ಐಪೀಸ್, 5 ಬರುವ ಟೆಲಿಸ್ಕೋಪಿನಲ್ಲಿ ಅದೇ ನಕ್ಷತ್ರಕ್ಕೆ ರೆಕ್ಕೆ ಮೂಡಿಸಬಹುದು. ಐಪೀಸ್ ಕೈಗೆ ಬಂದ ಮೊದಲ ರಾತ್ರಿಯೇ ಒಂದು ನಕ್ಷತ್ರವನ್ನು ನಡುವೆ ಫೋಕಸ್ ಮಾಡಿ, ಮೆಲ್ಲಗೆ ಅಂಚಿಗೆ ಸರಿಸಿ ನೋಡಿ. ಅಂಚು ತೀರಾ ಕೆಟ್ಟದಾಗಿದ್ದರೆ ವಾಪಸ್ ಕೊಡುವ ಅವಕಾಶ ಇನ್ನೂ ಇರುತ್ತದೆ.