ಅಳಿವಿನಂಚಿನ ಹಕ್ಕಿಗಳ ಮೇಲೆ ಪಿಎಚ್‌ಡಿ ಮಾಡೋ ಆಸೆ ಇದ್ಯಾ? ಚಿಕ್ಕಮಗಳೂರು-ಹಾಸನದವ್ರಿಗೆ ಒಂದಿಷ್ಟು ದಾರಿ

ಎಮ್ಮೆಸ್ಸಿ ಮುಗಿಸ್ದವ್ರು ಮೊದ್ಲು ಕೇಳೋದು ಯಾವ ಯೂನಿವರ್ಸಿಟಿ ಅಂತ. ಅದಕ್ಕೂ ಮೊದ್ಲು, ಯಾವ ಹಕ್ಕಿ ಬಗ್ಗೆ ಏನು ತಿಳ್ಕೋಬೇಕು ಅನ್ನೋದು ಒಂದೇ ಸಾಲಲ್ಲಿ ಬರೆಯೋಕೆ ಬರ್ಬೇಕು. ಹಕ್ಕಿ ಉಳಿಸ್ಬೇಕು ಅನ್ನೋದು ಒಳ್ಳೆ ಆಸೆನೇ, ಆದ್ರೆ ಬರೀ ಆಸೆ ಮೇಲೆ ಥೀಸಿಸ್ ನಿಲ್ಲಲ್ಲ.

ಭದ್ರಾ ಹಿನ್ನೀರನ್ನೇ ತಗೊಳ್ಳಿ. ಲಕ್ಕವಳ್ಳಿ ಕಡೆ ಬೇಸಿಗೇಲಿ ನೀರು ಇಳೀತಾ ಇಳೀತಾ ನಡುಗಡ್ಡೆಗಳು ಮೇಲೆ ಬರ್ತವೆ, ಅಲ್ಲಿ ರಿವರ್ ಟರ್ನ್‌ಗಳು (ಮೀನು ಹಿಡಿಯೋ ಒಂದು ನೀರಹಕ್ಕಿ) ಹುಲ್ಲು ಕಡ್ಡಿ ತಂದು ಗೂಡು ಕಟ್ಟಲ್ಲ, ಬರೀ ನೆಲದಲ್ಲಿ ಸಣ್ಣ ಗುಳಿ ಮಾಡಿ ಮೊಟ್ಟೆ ಇಡ್ತವೆ, ಮೊಟ್ಟೆ ಬಣ್ಣ ಮಣ್ಣು ಕಲ್ಲಿನ ಥರಾನೇ ಇರೋದ್ರಿಂದ ಕಾಲ ಹತ್ರ ಇದ್ರೂ ಕಾಣಲ್ಲ. ಅಪಾಯದಲ್ಲಿರೋ ಜೀವಿಗಳ ಜಾಗತಿಕ ಪಟ್ಟಿ ಅಂದ್ರೆ ಐಯುಸಿಎನ್ ಕೆಂಪು ಪಟ್ಟೀಲಿ ಈ ಹಕ್ಕಿ ವಲ್ನರಬಲ್, ಅಂದ್ರೆ ಅಳಿವಿನ ಅಪಾಯ ಇರೋದು. ಈಗ ಕೇಳಿ: ದೋಣಿ ಹತ್ರ ಬಂದಾಗ ತಾಯಿ ಹಕ್ಕಿ ಎದ್ರೆ ಎಷ್ಟು ಹೊತ್ತು ಮೊಟ್ಟೆ ಬಿಸಿಲಿಗೆ ಬಿದ್ದಿರತ್ತೆ? ಸಣ್ಣ ನಡುಗಡ್ಡೇಲಿ ಮರಿ ಜಾಸ್ತಿ ಉಳಿಯತ್ತಾ, ದೊಡ್ಡದ್ರಲ್ಲಾ? ಇವು ಎಣಿಸೋಕೆ ಅಳೆಯೋಕೆ ಆಗೋ ಪ್ರಶ್ನೆಗಳು. ಹಂಗೇ ಮೂಡಿಗೆರೆ, ಸಕಲೇಶಪುರದ ಕಾಫಿ ತೋಟದಲ್ಲಿ ಹಳೇ ಕಾಡುಮರ ಕಡಿದು ಸಿಲ್ವರ್ ಓಕ್ ಹಾಕಿದ್ರೆ ಮಲಬಾರ್ ಗ್ರೇ ಹಾರ್ನ್‌ಬಿಲ್ (ಒಂದು ಜಾತಿ ಮಂಗಟ್ಟೆ ಹಕ್ಕಿ) ಎಲ್ಲಿ ಮರಿ ಮಾಡ್ಬೇಕು? ಅದು ಪೊಟರೆ ತಾನೇ ಕೊರೆಯಲ್ಲ, ದೊಡ್ಡ ಮರದಲ್ಲಿ ಇರೋ ಪೊಟರೇನೇ ಬೇಕು.

ಪ್ರಶ್ನೆ ಸಿಕ್ಮೇಲೆ ಫೆಲೋಶಿಪ್. ಸಿಎಸ್‌ಐಆರ್ ನೆಟ್ ಅನ್ನೋ ರಾಷ್ಟ್ರಮಟ್ಟದ ಪರೀಕ್ಷೆಯ ಲೈಫ್ ಸೈನ್ಸಸ್‌ನಲ್ಲಿ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ತಗೊಂಡ್ರೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಸೀನಿಯರ್ ಫೆಲೋ) ಆದ್ಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ಗೇಟ್ ಪರೀಕ್ಷೇಲೂ ಎಕಾಲಜಿ ಅಂಡ್ ಎವಲ್ಯೂಷನ್ ಪೇಪರ್ ಇದೆ. ಕೈಯಲ್ಲಿ ಜೆಆರ್‌ಎಫ್ ಇದ್ರೆ ಗೈಡ್ ಹುಡುಕೋದು ಎಷ್ಟೋ ಸುಲಭ, ಇದನ್ನ ಒತ್ತಿ ಹೇಳ್ತೀನಿ.

ಜಾಗಗಳು: ಬೆಂಗಳೂರಲ್ಲಿ ಐಐಎಸ್‌ಸಿಯ ಸೆಂಟರ್ ಫಾರ್ ಎಕಲಾಜಿಕಲ್ ಸೈನ್ಸಸ್, ಎನ್‌ಸಿಬಿಎಸ್ (ಜೀವವಿಜ್ಞಾನ ಸಂಶೋಧನಾ ಕೇಂದ್ರ), ಏಟ್ರೀ (ಪರಿಸರ ಸಂಶೋಧನಾ ಸಂಸ್ಥೆ), ಕೊಯಮತ್ತೂರಿನ ಹತ್ರ ಆನೈಕಟ್ಟಿಯ ಸಲೀಂ ಅಲಿ ಪಕ್ಷಿ ಅಧ್ಯಯನ ಕೇಂದ್ರ, ಡೆಹ್ರಾಡೂನ್‌ನ ವೈಲ್ಡ್‌ಲೈಫ್ ಇನ್‌ಸ್ಟಿಟ್ಯೂಟ್. ನಮ್ಗೆ ಹತ್ತಿರದ್ದು ಶಂಕರಘಟ್ಟದ ಕುವೆಂಪು ವಿವಿ, ಭದ್ರಾ ಕಾಡಿನ ಪಕ್ಕದಲ್ಲೇ ಇದೆ, ವನ್ಯಜೀವಿ ವಿಭಾಗಾನೂ ಇದೆ. ಆದ್ರೆ ಹೆಸರು ನೋಡಿ ಹೋಗ್ಬೇಡಿ, ಗೈಡ್ ನೋಡಿ ಹೋಗಿ. ಅವ್ರ ಇತ್ತೀಚಿನ ಎರಡು ಮೂರು ಪೇಪರ್ ಓದಿ, ನಿಮ್ಮ ಪ್ರಶ್ನೆ ಅದಕ್ಕೆ ಎಲ್ಲಿ ಸೇರತ್ತೆ ಅಂತ ಹತ್ತು ಸಾಲಲ್ಲಿ ಮೇಲ್ ಹಾಕಿ. ಎಲ್ರಿಗೂ ಒಂದೇ ಮೇಲ್ ಕಳಿಸಿದ್ರೆ ಓದಿದವ್ರಿಗೆ ತಕ್ಷಣ ಗೊತ್ತಾಗತ್ತೆ. ಆ ಗೈಡ್‌ನ ಹಳೇ ಸ್ಟೂಡೆಂಟ್ಸ್ ಹತ್ರಾನೂ ಮಾತಾಡಿ, ಐದು ವರ್ಷ ಒಬ್ರ ಜೊತೆ ಕೆಲ್ಸ ಮಾಡೋ ವಿಷ್ಯ ಇದು.

ಅಲ್ಲೀವರೆಗೆ ಅಂಕಿಅಂಶ ಲೆಕ್ಕ ಹಾಕೋ ಆರ್ (R) ಕಲೀರಿ, ನಕ್ಷೆ ಮಾಡೋ ಕ್ಯೂಜಿಐಎಸ್ ಕಲೀರಿ, ದಿನಾ ಇಬರ್ಡ್ (eBird) ಆ್ಯಪ್‌ನಲ್ಲಿ ನೀವು ಕಂಡ ಹಕ್ಕಿಗಳ ಲಿಸ್ಟ್ ಹಾಕಿ. ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್ 2023 ವರದಿ 942 ಜಾತಿಗಳ ಸ್ಥಿತಿ ನೋಡಿ 178ನ್ನ ತುರ್ತು ಗಮನದ ಪಟ್ಟೀಗೆ ಹಾಕಿದ್ದು ಹೆಚ್ಚಾಗಿ ಹೀಗೆ ಸಾಮಾನ್ಯ ಜನ ಹಾಕಿದ ಲಿಸ್ಟ್‌ಗಳ ಆಧಾರದ ಮೇಲೆ.

ಇನ್ನು ಪರ್ಮಿಶನ್. ಭದ್ರಾ ಅಭಯಾರಣ್ಯದ ಒಳಗೆ ಸಂಶೋಧನೆಗೆ ಅರಣ್ಯ ಇಲಾಖೆ ಅನುಮತಿ ಬೇಕೇ ಬೇಕು, ಹಕ್ಕಿ ಹಿಡಿದು ಕಾಲಿಗೆ ರಿಂಗ್ ಹಾಕೋದಾದ್ರೆ ಅದಕ್ಕೆ ಪ್ರತ್ಯೇಕ. ತಿಂಗಳುಗಟ್ಟಲೆ ಹಿಡಿಯತ್ತೆ, ಟರ್ನ್ ಮೊಟ್ಟೆ ಇಡೋ ಸೀಸನ್ ನಿಮ್ಗೋಸ್ಕರ ಕಾಯಲ್ಲ, ಹಂಗಾಗಿ ಬೇಸಿಗೆ ಫೀಲ್ಡ್‌ವರ್ಕ್ ಇದ್ರೆ ಹಿಂದಿನ ಮಳೆಗಾಲದಲ್ಲೇ ಅರ್ಜಿ ಕೊಡಿ. ತೋಟದಲ್ಲಿ ಬರೀ ನೋಡಿ ಎಣಿಸೋ ಕೆಲ್ಸ ಆದ್ರೆ ತೋಟದ ಯಜಮಾನ್ರನ್ನ ಕೇಳ್ಕೊಂಡು ಈ ವಾರಾನೇ ಶುರು ಮಾಡ್ಬಹುದು.